ತಿರು–ಕೊಚ್ಚಿಯ ಎಂಟು ವರ್ಷ, ಆರು ನಾಯಕತ್ವ

ತಿರುವನಂತಪುರದ ಉಳ್ಳೂರಿನ ನೆರೆಯ ಪಟ್ಟಂ, ಕೇರಳದ ಇತಿಹಾಸದಲ್ಲಿ ಊರಿನ ಹೆಸರಾಗಿರುವಷ್ಟೇ ಒಬ್ಬ ರಾಜಕಾರಣಿಯ ಹೆಸರೂ ಹೌದು. 1948ರ ಮಾರ್ಚ್‌ನಲ್ಲಿ ಪಟ್ಟಂ ತಾಣು ಪಿಳ್ಳೆ ತಿರುವಾಂಕೂರಿನ ಪ್ರಧಾನಮಂತ್ರಿಯಾದರು. ಸಂಸ್ಥಾನದ ಸರ್ಕಾರದ ಮುಖ್ಯಸ್ಥರಿಗೆ ಆಗ ಅದೇ ಪದನಾಮವಿತ್ತು. ಸಂಪುಟದಲ್ಲಿ ಅವರೊಡನೆ ಇದ್ದವರು ಸಿ. ಕೇಶವನ್ ಮತ್ತು ಟಿ. ಎಂ. ವರ್ಗೀಸ್ ಇಬ್ಬರೇ. ದಿವಾನ್ ಸಿ. ಪಿ. ರಾಮಸ್ವಾಮಿ ಅಯ್ಯರ್ ಅವರ ಆಡಳಿತದ ವಿರುದ್ಧ ಹೆಗಲೆಣೆಯಾಗಿ ಹೋರಾಡಿದ ಈ ಮೂವರ ಸ್ನೇಹವನ್ನು ಅಧಿಕಾರವು ಏಳು ತಿಂಗಳೂ ಉಳಿಯಗೊಡಲಿಲ್ಲ. ಸ್ವಪಕ್ಷೀಯರ ಅವಿಶ್ವಾಸವನ್ನು ಎದುರಿಸಲಾಗದೆ ಪಟ್ಟಂ ಅಕ್ಟೋಬರಿನಲ್ಲಿ ರಾಜೀನಾಮೆಯಿತ್ತರು.

ಅವರ ಸ್ಥಾನಕ್ಕೆ ಪರವೂರು ಟಿ. ಕೆ. ನಾರಾಯಣ ಪಿಳ್ಳೆ ಬಂದರು. 1949ರ ಜುಲೈ 1ರಂದು ಕೊಚ್ಚಿಯೂ ಕೂಡಿ ತಿರು–ಕೊಚ್ಚಿ ರಾಜ್ಯವಾಯಿತು. ಕಾಂಗ್ರೆಸ್ಸಿನ ಒಳಜಗಳ ಮಾತ್ರ ನಿಲ್ಲಲಿಲ್ಲ. 1951ರಲ್ಲಿ ಕೇಶವನ್, 1952ರಲ್ಲಿ ಎ. ಜೆ. ಜಾನ್ ಅಧಿಕಾರಕ್ಕೇರಿದರು. 1954ರಲ್ಲಿ ಪಟ್ಟಂ ಮರಳಿದ್ದು ಪ್ರಜಾ ಸೋಷಲಿಸ್ಟ್ ಪಕ್ಷದ ನಾಯಕರಾಗಿ. 117 ಸ್ಥಾನಗಳ ಸಭೆಯಲ್ಲಿ ಅವರ ಪಕ್ಷಕ್ಕಿದ್ದುದು 19 ಸ್ಥಾನ, ಆಸರೆ ಕಾಂಗ್ರೆಸ್ಸಿನದು.

ಆ ವರ್ಷದ ಆಗಸ್ಟ್ 11ರಂದು ದಕ್ಷಿಣದ ತಮಿಳು ತಾಲೂಕುಗಳ ಚಳವಳಿಗಾರರ ಮೇಲೆ ಮಾರ್ತಾಂಡದಲ್ಲಿ ಪೊಲೀಸರು ಗುಂಡು ಹಾರಿಸಿದರು. ರಾಮಮನೋಹರ ಲೋಹಿಯಾ ತಮ್ಮದೇ ಪಕ್ಷದ ಸರ್ಕಾರದ ರಾಜೀನಾಮೆ ಕೇಳಿದರು. ಪಟ್ಟಂ ಒಪ್ಪಲಿಲ್ಲ, ಪಕ್ಷ ದೇಶಮಟ್ಟದಲ್ಲಿ ಬಿರುಕುಬಿಟ್ಟಿತು. 1955ರ ಫೆಬ್ರವರಿಯಲ್ಲಿ ಸರ್ಕಾರ ಬಿದ್ದು, ಕೊಚ್ಚಿಯ ಕಡೆಯ ಪನಂಪಿಳ್ಳಿ ಗೋವಿಂದ ಮೆನನ್ ಬಂದರು. ಆರು ಮಂದಿ ಶಾಸಕರು ಕಾಂಗ್ರೆಸ್ ತೊರೆದಾಗ ಅವರ ಸಂಪುಟವೂ ಉರುಳಿತು. 1956ರ ಮಾರ್ಚ್ 23ರಂದು ರಾಷ್ಟ್ರಪತಿ ಆಳ್ವಿಕೆ ಜಾರಿಯಾಯಿತು. ಎಂಟು ವರ್ಷಗಳಲ್ಲಿ ನಾಯಕರು ಐವರು, ನಾಯಕತ್ವ ಆರು.

ಕನ್ನಡಿಗರಿಗೆ ಈ ಕಥೆ ಪರರದ್ದಲ್ಲ. ತಮಿಳರಿಗೆ ಆ ಸಭೆಯಲ್ಲಿ ತಮ್ಮದೇ ಪಕ್ಷವಿತ್ತು, 12 ಸ್ಥಾನಗಳಿದ್ದವು. ತೋವಾಳ, ಅಗಸ್ತೀಶ್ವರಂ, ಕಲ್ಕುಳಂ, ವಿಳವಂಕೋಡು ತಾಲೂಕುಗಳು ಮದರಾಸಿಗೆ ಸೇರಿದವು. ಕಾಸರಗೋಡು ಆಗ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದುದರಿಂದ ತಿರುವನಂತಪುರದ ಸಭೆಯಲ್ಲಿ ಅದಕ್ಕೆ ದನಿಯೇ ಇರಲಿಲ್ಲ. 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಸೇರಿದಾಗ ಅಲ್ಲಿ ಅಹವಾಲು ಕೇಳಲು ಮಂತ್ರಿಮಂಡಲವಿಲ್ಲ, ವಿಧಾನಸಭೆಯೂ ಇಲ್ಲ. ಬೆಂಗಳೂರಿನಲ್ಲೂ ಅದೇ ಕಲಹ: ಆಗಸ್ಟ್‌ನಲ್ಲಿ ಕೆಂಗಲ್ ಹನುಮಂತಯ್ಯ ಸ್ವಪಕ್ಷೀಯರಿಂದಲೇ ಪದಚ್ಯುತರಾಗಿ, ಕಡಿದಾಳ್ ಮಂಜಪ್ಪನವರು ಎರಡು ತಿಂಗಳು ಚಿಲ್ಲರೆ ದಿನ ಆಳಿ, ಅದೇ ನವೆಂಬರ್ 1ರಂದು ನಿಜಲಿಂಗಪ್ಪನವರು ಅಧಿಕಾರ ವಹಿಸಿಕೊಂಡರು.

1957ರಲ್ಲಿ ಮಂಜೇಶ್ವರವು ಪಕ್ಷೇತರ ಎಂ. ಉಮೇಶ ರಾವ್ ಅವರನ್ನು ಅವಿರೋಧವಾಗಿ ಆರಿಸಿ ಕಳುಹಿಸಿತು. ಅಷ್ಟರಲ್ಲಿ ಗಡಿ ನಿಶ್ಚಯವಾಗಿತ್ತು. ರಾಜಧಾನಿಯಲ್ಲಿ ಕುರ್ಚಿ ಕಳೆದುಕೊಂಡವರಿಗೆ ಅದು ಮತ್ತೆ ಸಿಗುವುದುಂಟು. ಪಟ್ಟಂ ಅವರೇ 1960ರಲ್ಲಿ ಮೂರನೆಯ ಬಾರಿ ಪಟ್ಟವೇರಿದರು. ಗಡಿಯವರು ಕಳೆದುಕೊಂಡ ಹೊತ್ತು ಮಾತ್ರ ಮರಳಲಿಲ್ಲ.