ಹಳೆಯ ಮೋಟಾರ್‌ಸೈಕಲ್‌ಗಳ ಮುಂಭಾಗದ ಸಸ್ಪೆನ್ಷನ್

ಹಳೆಯ ಮೋಟಾರ್‌ಸೈಕಲ್‌ಗಳ ಮುಂಭಾಗದ ಸಸ್ಪೆನ್ಷನ್ ಹೆಚ್ಚಾಗಿ ಟೆಲಿಸ್ಕೋಪಿಕ್ ಫೋರ್ಕ್ ಮಾದರಿಯದು. ಒಂದರೊಳಗೊಂದು ಜಾರುವ ಕೊಳವೆಗಳುಳ್ಳ ಎರಡು ಕಾಲುಗಳು, ಪ್ರತಿ ಕಾಲಿನೊಳಗೆ ಒಂದು ಸ್ಪ್ರಿಂಗ್ ಹಾಗೂ ನಿಗದಿತ ಪ್ರಮಾಣದ ಎಣ್ಣೆ ಇದರ ಮುಖ್ಯ ಭಾಗಗಳು. 1960ರ ದಶಕದ ಆರಂಭದಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಬೈಕುಗಳಲ್ಲಿಯೂ ಇದೇ ವ್ಯವಸ್ಥೆಯಿದೆ.

ಸ್ಪ್ರಿಂಗ್ ವಾಹನದ ಭಾರವನ್ನು ಹೊರುತ್ತದೆ. ಎಣ್ಣೆಯು ಕಿರಿದಾದ ರಂಧ್ರಗಳ ಮೂಲಕ ಹಾದು, ಸ್ಪ್ರಿಂಗ್ ಕುಗ್ಗುವ ಮತ್ತು ಪುಟಿದೇಳುವ ವೇಗವನ್ನು ತಡೆಯುತ್ತದೆ. ಆದ್ದರಿಂದ ಫೋರ್ಕ್ ಮೆತ್ತಗಾಗಿದೆ ಎಂಬ ಒಂದೇ ದೂರಿಗೆ ಎರಡು ಬೇರೆ ಕಾರಣಗಳಿರಬಹುದು. ಮಂದವಾದ ಎಣ್ಣೆ ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ಅರ್ಧ ಮಾತ್ರ ನಿಜ. ಅದು ತೂಗಾಟವನ್ನು ತಗ್ಗಿಸುತ್ತದೆ, ದಣಿದ ಸ್ಪ್ರಿಂಗನ್ನು ಮೇಲೆತ್ತುವುದಿಲ್ಲ.

ಮಲೆನಾಡಿನ ರಸ್ತೆಗಳಲ್ಲಿ

ಹಾಸನ ಜಿಲ್ಲೆಯ ಆಲೂರು ಮತ್ತು ಸಕಲೇಶಪುರದ ಗುಡ್ಡಗಾಡಿನಲ್ಲಿ ಈ ದೋಷ ಅಪಾಯಕಾರಿಯಾಗಬಲ್ಲದು. ಸಕಲೇಶಪುರದಿಂದ ಗುಂಡ್ಯದ ಕಡೆಗೆ ಶಿರಾಡಿ ಘಾಟಿಯನ್ನು ಇಳಿಯುವಾಗ ಭಾರವು ಮುಂದಿನ ಚಕ್ರದತ್ತ ವಾಲುತ್ತದೆ; ಬ್ರೇಕ್ ಹಿಡಿದಾಗ ಇನ್ನಷ್ಟು. ದುರ್ಬಲ ಫೋರ್ಕ್ ಅಷ್ಟರಲ್ಲೇ ಪೂರ್ತಿ ಕುಸಿದಿದ್ದರೆ, ತಿರುವಿನಲ್ಲಿ ಎದುರಾಗುವ ಗುಂಡಿಯ ಹೊಡೆತವನ್ನು ತಾಳಲು ಚಲನೆಯೇ ಉಳಿದಿರುವುದಿಲ್ಲ. ಚಕ್ರ ನೆಲದ ಹಿಡಿತ ಕಳೆದುಕೊಳ್ಳುತ್ತದೆ. ಕಾಫಿ ತೋಟದ ದಾರಿಗಳ ಕೆಸರು ಆಯಿಲ್ ಸೀಲ್‌ನ ಅಂಚಿಗೆ ಮೆತ್ತಿ ಅದನ್ನು ಸವೆಸುತ್ತದೆ. ಮಳೆಗಾಲವಿಡೀ ನಿಲ್ಲಿಸಿದ ಬೈಕಿನ ಕ್ರೋಮ್ ಕೊಳವೆಗೆ ತುಕ್ಕು ಹಿಡಿದು ಸಣ್ಣ ಕುಳಿಗಳಾದರೆ, ಹೊಸ ಸೀಲ್ ಹಾಕಿದರೂ ಬೇಗನೆ ಹರಿಯುತ್ತದೆ. ಅಂತಹ ಕೊಳವೆಗೆ ಮರು ಕ್ರೋಮ್ ಲೇಪನ ಮಾಡಿಸಬೇಕು ಇಲ್ಲವೇ ಬದಲಿಸಬೇಕು.

ಪತ್ತೆ ಮತ್ತು ದುರಸ್ತಿ

ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಬಲವಾಗಿ ಒತ್ತಿ ಬಿಟ್ಟಾಗ ಫೋರ್ಕ್ ಹಲವು ಬಾರಿ ತೂಗಿದರೆ ಎಣ್ಣೆ ಸೋರಿರಬಹುದು ಅಥವಾ ಕೆಟ್ಟಿರಬಹುದು. ಸವಾರ ಕುಳಿತ ಮಾತ್ರಕ್ಕೇ ಒಟ್ಟು ಚಲನೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿದರೆ ಸ್ಪ್ರಿಂಗನ್ನು ಶಂಕಿಸಬೇಕು.

ಬೈಕಿಗೆ ಭದ್ರವಾದ ಆಧಾರ ಕೊಟ್ಟು, ಮುಂದಿನ ಚಕ್ರವನ್ನು ನೆಲದಿಂದ ಎತ್ತಿದ ನಂತರವೇ ಫೋರ್ಕಿನ ಮೇಲಿನ ಮುಚ್ಚಳವನ್ನು ಬಿಚ್ಚಬೇಕು. ಆಗಲೂ ಸ್ಪ್ರಿಂಗ್ ಸ್ವಲ್ಪ ಒತ್ತಡದಲ್ಲಿರುವುದರಿಂದ ಕೊನೆಯ ಸುತ್ತುಗಳಲ್ಲಿ ಮುಚ್ಚಳವನ್ನು ಅದುಮಿ ಹಿಡಿಯುವುದು ಅವಶ್ಯ. ಹಳೆಯ ಎಣ್ಣೆಯನ್ನು ಪೂರ್ತಿ ಬಸಿದು, ತಯಾರಕರ ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯ ಎಣ್ಣೆಯನ್ನು ಎರಡೂ ಕಾಲುಗಳಿಗೆ ಸಮನಾಗಿ ತುಂಬಲಾಗುತ್ತದೆ. ಅಳತೆ ಮೀರಿದರೆ ಒಳಗಿನ ಗಾಳಿಗೆ ಜಾಗ ಸಾಲದೆ ಒತ್ತಡ ಏರಿ ಸೀಲ್ ಹಾಳಾಗಬಹುದು.

ಸ್ಪ್ರಿಂಗಿನ ಮೇಲೆ ಕೊಳವೆಯ ತುಂಡನ್ನು ಸ್ಪೇಸರ್ ಆಗಿ ಇಡುವುದು ಅಗ್ಗದ ಪರಿಹಾರ. ಇದರಿಂದ ಕುಸಿದ ಮುಂಭಾಗ ಮೇಲೇಳುತ್ತದೆಯೇ ಹೊರತು ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ತುಂಡು ಅತಿ ಉದ್ದವಾದರೆ ದೊಡ್ಡ ಗುಂಡಿಯಲ್ಲಿ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಕೈಪಿಡಿಯಲ್ಲಿ ಹೇಳಿದ ಕನಿಷ್ಠ ಉದ್ದಕ್ಕಿಂತ ಕುಗ್ಗಿದ ಸ್ಪ್ರಿಂಗನ್ನು ಬದಲಿಸುವುದೇ ಸರಿ, ಅದೂ ಎರಡೂ ಕಾಲುಗಳಲ್ಲಿ ಒಟ್ಟಿಗೆ.