ಕಾರ್ಡು ಕೈಗೆ ಬರುವ ಮುನ್ನ

ಪರದೇಶದಲ್ಲಿ ಕಾಯಂ ಆಗಿ ನೆಲೆಸುವ ಹಕ್ಕು ಪಡೆದವನಿಗೆ ಆ ಹಕ್ಕಿನ ನಿಜವಾದ ಪರೀಕ್ಷೆ ಎದುರಾಗುವುದು ಯಾವಾಗ? ಆ ದೇಶದ ಗಡಿ ದಾಟಿ ಹೊರಗೆ ಹೋಗಿ, ಮತ್ತೆ ಒಳಗೆ ಬರಲು ಬಾಗಿಲಲ್ಲಿ ನಿಂತಾಗ. ಒಳಗಿದ್ದಷ್ಟು ದಿನ ಯಾರೂ ಕೇಳದ ಕಾಗದವನ್ನು ಬಾಗಿಲಲ್ಲಿ ಮೊಟ್ಟಮೊದಲು ಕೇಳುತ್ತಾರೆ.

ಅಮೆರಿಕದಲ್ಲಿ ಈ ಕಾಗದಕ್ಕೆ ‘ಗ್ರೀನ್ ಕಾರ್ಡ್’ ಎಂಬ ಹೆಸರು ರೂಢಿಯಲ್ಲಿದೆ. ಬೆಂಗಳೂರು, ಮೈಸೂರು, ಮಂಗಳೂರಿನ ಎಷ್ಟೋ ಮನೆಗಳಲ್ಲಿ ಇದು ಈಗ ದಿನಬಳಕೆಯ ಮಾತು. ಆದರೆ ಕಾಯಂ ವಾಸದ ಅನುಮತಿ ಮಂಜೂರಾಗುವ ದಿನ ಬೇರೆ, ಕಾರ್ಡು ಅಂಚೆಯಲ್ಲಿ ಮನೆಗೆ ಬರುವ ದಿನ ಬೇರೆ. ನಡುವಿನ ಆ ಕೆಲವು ವಾರಗಳಲ್ಲಿ ಊರಿನಿಂದ ಕರೆ ಬಂದರೆ, ತಾಯಿಗೆ ಹುಷಾರಿಲ್ಲವೆಂದೋ ತಂಗಿಯ ಮದುವೆ ಗೊತ್ತಾಯಿತೆಂದೋ ಸುದ್ದಿ ಬಂದರೆ, ಏನು ಮಾಡಬೇಕು? ಕಾರ್ಡಿಲ್ಲದೆ ಹೊರಡಬಹುದೇ? ಹೊರಟರೆ ಮರಳಬಹುದೇ?

ಮೇಲ್ನೋಟಕ್ಕೆ ಇದು ಕಚೇರಿಯ ಗುಮಾಸ್ತರು ಉತ್ತರಿಸಬೇಕಾದ ಸಣ್ಣ ಪ್ರಶ್ನೆ. ಆದರೆ ಇದರ ಹಿಂದೆ ಸುಮಾರು 140 ವರ್ಷಗಳ ಇತಿಹಾಸವಿದೆ. ಹಕ್ಕು ದೊಡ್ಡದೋ, ಹಕ್ಕಿನ ಕಾಗದ ದೊಡ್ಡದೋ ಎಂಬ ವಾದ ಅಮೆರಿಕದ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನು ಹಲವು ಬಾರಿ ಹತ್ತಿದೆ.

ಬಂದರಿನಲ್ಲಿ ಕೊಟ್ಟ ಚೀಟಿ

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಕ್ಯಾಲಿಫೋರ್ನಿಯದ ಚಿನ್ನದ ಗಣಿಗಳಿಗೆ, ಆಮೇಲೆ ರೈಲು ಮಾರ್ಗದ ಕೆಲಸಕ್ಕೆ ಚೀನಾದಿಂದ ಸಾವಿರಾರು ಕೂಲಿಗಳು ಬಂದರು. ಖಂಡದ ಉದ್ದಕ್ಕೂ ಹಾಸಿದ ರೈಲು ಹಳಿ 1869ರಲ್ಲಿ ಪೂರ್ಣಗೊಂಡಿತು. ಕೆಲಸ ಮುಗಿಯಿತು, ಕೆಲಸಗಾರರ ಮೇಲಿನ ದ್ವೇಷ ಬೆಳೆಯಿತು. 1882ರ ಮೇ 6ರಂದು ಅಧ್ಯಕ್ಷ ಚೆಸ್ಟರ್ ಆರ್ಥರ್ ಸಹಿ ಮಾಡಿದ ಕಾಯ್ದೆ ಚೀನೀ ಕಾರ್ಮಿಕರ ಪ್ರವೇಶವನ್ನು 10 ವರ್ಷಗಳ ಕಾಲ ನಿಷೇಧಿಸಿತು.

ಆಗಲೇ ಅಮೆರಿಕದಲ್ಲಿ ನೆಲೆಸಿದ್ದವರ ಗತಿಯೇನು? 1880ರ ನವೆಂಬರ್ 17ರಂದು ಚೀನಾದೊಡನೆ ಮಾಡಿಕೊಂಡ ಒಪ್ಪಂದದ ಪ್ರಕಾರ ಅವರು ತಮ್ಮ ಇಚ್ಛೆಯಂತೆ ಹೋಗಿ ಬರಬಹುದಿತ್ತು. ಅದಕ್ಕಾಗಿ ಹೊಸ ಕಾಯ್ದೆ ಒಂದು ವ್ಯವಸ್ಥೆ ಮಾಡಿತು. ಊರಿಗೆ ಹೊರಟ ಕಾರ್ಮಿಕನಿರುವ ಹಡಗನ್ನು ಸುಂಕದ ಅಧಿಕಾರಿ ಹತ್ತಬೇಕು. ಆತನ ಹೆಸರು, ವಯಸ್ಸು, ಉದ್ಯೋಗ, ವಾಸಸ್ಥಳ, ಮೈಮೇಲಿನ ಗುರುತು ಎಲ್ಲವನ್ನೂ ದಾಖಲು ಮಾಡಿಕೊಂಡು ಪ್ರಮಾಣಪತ್ರ ಕೊಡಬೇಕು. ಮರಳಿ ಬಂದಾಗ ಅದನ್ನು ತೋರಿಸಿದರೆ ಒಳಗೆ ಪ್ರವೇಶ. 1884ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮರುಪ್ರವೇಶದ ಹಕ್ಕಿಗೆ ಈ ಪ್ರಮಾಣಪತ್ರವೊಂದೇ ಪುರಾವೆ, ಬೇರಾವುದೂ ಸಲ್ಲದು ಎಂದಿತು.

ತೊಡಕು ಹುಟ್ಟಿದ್ದು ಇಲ್ಲಿಯೇ. ಚ್ಯೂ ಹಿಯಾಂಗ್ ಎಂಬ ಕಾರ್ಮಿಕ 1881ರಲ್ಲೇ ಹವಾಯಿಗೆ ಹೋಗಿದ್ದ. ಆಗ ಅಂಥ ಕಾಯ್ದೆಯೂ ಇರಲಿಲ್ಲ, ಕಾಗದವೂ ಇರಲಿಲ್ಲ. 1884ರ ಸೆಪ್ಟೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಮರಳಿದಾಗ ಅಧಿಕಾರಿಗಳು ಪ್ರಮಾಣಪತ್ರ ಕೇಳಿದರು. ತಾನು ಹೊರಟಾಗ ಹುಟ್ಟಿಯೇ ಇರದ ಕಾಗದವನ್ನು ಆತ ಎಲ್ಲಿಂದ ತಂದಾನು? ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆತನ ಪರವಾಗಿ ತೀರ್ಪು ನೀಡಿತು. ಮಾಡಲಾಗದ್ದನ್ನು ಮಾಡು ಎಂದು ಕಾನೂನು ಯಾರನ್ನೂ ಕೇಳಲಾರದು ಎಂಬುದು ನ್ಯಾಯಮೂರ್ತಿ ಹಾರ್ಲನ್ ಬರೆದ ಆ ತೀರ್ಪಿನ ತಿರುಳು. ನ್ಯಾಯಮೂರ್ತಿ ಸ್ಟೀಫನ್ ಫೀಲ್ಡ್ ಇದನ್ನು ಒಪ್ಪಲಿಲ್ಲ, ಭಿನ್ನಮತ ಬರೆದರು. ಈ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ನಡುಗಡಲಿನಲ್ಲಿದ್ದಾಗ

ಚ್ಯೂ ಹಿಯಾಂಗ್ ಬಳಿ ಕಾಗದವಿರಲಿಲ್ಲ, ಆದರೂ ಬಾಗಿಲು ತೆರೆಯಿತು. ಚಾಯ್ ಚಾನ್ ಪಿಂಗ್ ಎಂಬಾತನ ಕಥೆ ಇದಕ್ಕೆ ತದ್ವಿರುದ್ಧ.

ಆತ 1875ರಿಂದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದುಡಿಯುತ್ತಿದ್ದವನು. 1887ರ ಜೂನ್ 2ರಂದು ಊರಿಗೆ ಹೊರಟಾಗ ಕಾನೂನು ಹೇಳಿದಂತೆ ಪ್ರಮಾಣಪತ್ರ ಪಡೆದೇ ಹಡಗು ಹತ್ತಿದ. ಮರುವರ್ಷ ಸೆಪ್ಟೆಂಬರ್ 7ರಂದು ಹಾಂಕಾಂಗಿನಲ್ಲಿ ‘ಬೆಲ್ಜಿಕ್’ ಹಡಗು ಹತ್ತಿ ವಾಪಸು ಹೊರಟ. ಅತ್ತ ವಾಷಿಂಗ್ಟನ್ನಿನಲ್ಲಿ ಚುನಾವಣೆಯ ಕಾವು. ಕ್ಯಾಲಿಫೋರ್ನಿಯದ ಮತಗಳ ಮೇಲೆ ಎರಡೂ ಪಕ್ಷಗಳ ಕಣ್ಣು. ಹಡಗು ಇನ್ನೂ ಪೆಸಿಫಿಕ್ ಸಾಗರದಲ್ಲಿರುವಾಗಲೇ, ಅಕ್ಟೋಬರ್ 1ರಂದು, ಅಧ್ಯಕ್ಷ ಗ್ರೋವರ್ ಕ್ಲೀವ್‌ಲೆಂಡ್ ಸ್ಕಾಟ್ ಕಾಯ್ದೆಗೆ ಸಹಿ ಹಾಕಿದರು. ಅಲ್ಲಿಯವರೆಗೆ ಕೊಟ್ಟ ಪ್ರಮಾಣಪತ್ರಗಳೆಲ್ಲ ಒಂದೇ ಏಟಿಗೆ ರದ್ದಾದವು. ಹಾಗೆ ಬಾಗಿಲು ಮುಚ್ಚಿಸಿಕೊಂಡವರ ಸಂಖ್ಯೆ ಸುಮಾರು 20,000 ಎಂದು ಇತಿಹಾಸಕಾರರು ಹೇಳುತ್ತಾರೆ.

ಅಕ್ಟೋಬರ್ 8ರಂದು ‘ಬೆಲ್ಜಿಕ್’ ಬಂದರು ಸೇರಿತು. ಚಾಯ್ ಚಾನ್ ಪಿಂಗ್ ತನ್ನ ಕಾಗದ ತೋರಿಸಿದ. ಅದು ಒಂದು ವಾರದ ಹಿಂದೆಯೇ ಸತ್ತುಹೋಗಿತ್ತು. ಆತ ಕೋರ್ಟಿಗೆ ಹೋದ. 1889ರ ಮೇ 13ರಂದು ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಆತನ ಅರ್ಜಿಯನ್ನು ತಳ್ಳಿಹಾಕಿತು. ಪರದೇಶಿಗಳನ್ನು ಹೊರಗಿಡುವುದು ಸಾರ್ವಭೌಮ ರಾಷ್ಟ್ರದ ಅಧಿಕಾರ; ಮರಳಿ ಬರಲು ಕೊಟ್ಟ ಅನುಮತಿಯನ್ನು ಸರ್ಕಾರ ತನಗೆ ಬೇಕಾದಾಗ ಹಿಂದಕ್ಕೆ ಪಡೆಯಬಹುದು ಎಂದಿತು ತೀರ್ಪು. ಬರೆದವರು ಅದೇ ನ್ಯಾಯಮೂರ್ತಿ ಫೀಲ್ಡ್. ಹನ್ನೆರಡು ವರ್ಷ ಬಾಳಿದ ಊರು ಹಡಗಿನಿಂದ ಕಣ್ಣಿಗೆ ಕಾಣುತ್ತಿದ್ದರೂ ಆತ ಅದರ ಪಾಲಿಗೆ ಹೊರಗಿನವನಾಗಿಬಿಟ್ಟ.

ಒಳಗೇ ಉಳಿದವರಿಗೂ ನೆಮ್ಮದಿಯಿರಲಿಲ್ಲ. 1892ರ ಗಿಯರಿ ಕಾಯ್ದೆ ಚೀನೀ ಕಾರ್ಮಿಕರೆಲ್ಲರೂ ವಾಸದ ಪ್ರಮಾಣಪತ್ರ ಪಡೆಯಬೇಕೆಂದು ವಿಧಿಸಿತು. ಇಲ್ಲದವರನ್ನು ಬಂಧಿಸಿ ಗಡೀಪಾರು ಮಾಡಬಹುದಿತ್ತು. ಮರುವರ್ಷದ ತಿದ್ದುಪಡಿ ಅದರಲ್ಲಿ ಭಾವಚಿತ್ರವೂ ಇರಬೇಕೆಂದಿತು. ಹೆಸರು, ಗುರುತು, ಭಾವಚಿತ್ರವಿರುವ ಇಂದಿನ ವಾಸದ ಕಾರ್ಡಿನ ಮೊದಲ ರೂಪ ಇದೇ ಎನ್ನಬಹುದು. ಚೀನೀಯರ ಮೇಲಿನ ಈ ನಿಷೇಧ ರದ್ದಾದದ್ದು 1943ರಲ್ಲಿ.

ಭಾರತೀಯರ ಸರದಿ

ಭಾರತೀಯರ ಪಾಲಿಗೆ ಬಾಗಿಲು ಮುಚ್ಚಿದ್ದು 1917ರಲ್ಲಿ. ಆ ವರ್ಷದ ಕಾಯ್ದೆ ಏಷ್ಯಾದ ಬಹುಭಾಗವನ್ನು ನಿಷೇಧಿತ ವಲಯವೆಂದು ಸಾರಿತು; ಭಾರತವೂ ಅದರೊಳಗಿತ್ತು. 1923ರ ಫೆಬ್ರವರಿಯಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ, ಭಾರತೀಯರು ಅಮೆರಿಕದ ಪ್ರಜೆಗಳಾಗಲು ಅರ್ಹರಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಆಗಲೇ ಪ್ರಜೆಗಳಾಗಿದ್ದ ಭಾರತೀಯರ ಪೌರತ್ವವನ್ನೂ ಸರ್ಕಾರ ಕಿತ್ತುಕೊಳ್ಳತೊಡಗಿತು.

ಹಾಗೆ ಪೌರತ್ವ ಕಳೆದುಕೊಂಡವರಲ್ಲಿ ವೈಷ್ಣೋ ದಾಸ್ ಬಾಗಾಯ್ ಒಬ್ಬರು. 1915ರಲ್ಲಿ ಹೆಂಡತಿ ಹಾಗೂ ಮೂವರು ಗಂಡುಮಕ್ಕಳೊಂದಿಗೆ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು ವ್ಯಾಪಾರ ನಡೆಸುತ್ತಿದ್ದ ಅವರು 1921ರಲ್ಲಿ ಅಮೆರಿಕದ ಪ್ರಜೆಯಾಗಿದ್ದರು. ಪೌರತ್ವ ಹೋದ ಮೇಲೆ ಭಾರತಕ್ಕೊಮ್ಮೆ ಹೋಗಿಬರಲು ಪಾಸ್‌ಪೋರ್ಟ್ ಕೇಳಿದರೆ ಅದನ್ನೂ ನಿರಾಕರಿಸಲಾಯಿತು. ಬ್ರಿಟಿಷ್ ಪ್ರಜೆಯಾಗಿ ಪಾಸ್‌ಪೋರ್ಟ್ ಪಡೆದು ಹೋಗಿ ಎಂಬ ಸಲಹೆ ಬಂತು. ಬ್ರಿಟಿಷರ ಆಳ್ವಿಕೆ ಬೇಡವೆಂದೇ ದೇಶ ಬಿಟ್ಟಿದ್ದ ಆ ಮನುಷ್ಯನಿಗೆ ಇದು ಸಹಿಸಲಾಗದ ಅವಮಾನವಾಗಿತ್ತು. 1928ರ ಮಾರ್ಚಿನಲ್ಲಿ ಅವರು ತಮ್ಮ ಜೀವವನ್ನೇ ಕೊನೆಗಾಣಿಸಿಕೊಂಡರು.

ಇದೇ ಅವಧಿಯಲ್ಲಿ, 1924ರ ವಲಸೆ ಕಾಯ್ದೆ ‘ಮರುಪ್ರವೇಶ ಪರವಾನಗಿ’ ಎಂಬ ಹೊಸ ಕಾಗದವನ್ನು ಜಾರಿಗೆ ತಂದಿತು. ಕಾನೂನುಬದ್ಧವಾಗಿ ನೆಲೆಸಿದವನು ಹೊರಡುವ ಮೊದಲೇ ಇದನ್ನು ಪಡೆದಿಟ್ಟುಕೊಳ್ಳಬಹುದಿತ್ತು. ಈ ಪರವಾನಗಿ ಹೊಸ ಹಕ್ಕನ್ನೇನೂ ಕೊಡುವುದಿಲ್ಲ. ಈತ ತಾತ್ಕಾಲಿಕ ಪ್ರವಾಸ ಮುಗಿಸಿ ಮರಳುತ್ತಿದ್ದಾನೆ ಎಂದಷ್ಟೇ ಅದು ಸಾರುತ್ತದೆ ಎಂದು ಕಾಯ್ದೆಯೇ ಸ್ಪಷ್ಟಪಡಿಸಿತ್ತು. ಈ ಪರವಾನಗಿ ಇಂದಿಗೂ ಬಳಕೆಯಲ್ಲಿದೆ.

1953ರ ಎರಡು ತೀರ್ಪುಗಳು

ಎರಡನೆಯ ಮಹಾಯುದ್ಧದ ನಂತರ ಕಮ್ಯುನಿಸಂ ಭೀತಿ ಅಮೆರಿಕವನ್ನು ಆವರಿಸಿದಾಗ ಹಳೆಯ ವಾದಕ್ಕೆ ಮತ್ತೆ ಜೀವ ಬಂತು. 1953ರಲ್ಲಿ, ಐದೇ ವಾರಗಳ ಅಂತರದಲ್ಲಿ, ಸುಪ್ರೀಂ ಕೋರ್ಟ್ ಎರಡು ತೀರ್ಪು ನೀಡಿತು.

ಮೊದಲನೆಯದು ಕ್ವಾಂಗ್ ಹಾಯ್ ಚ್ಯೂ ಎಂಬ ನಾವಿಕನದು. ಕಾಯಂ ವಾಸಿಯಾಗಿದ್ದ ಆತ ಅಮೆರಿಕದ ಹಡಗಿನಲ್ಲೇ ಕೆಲಸಕ್ಕೆ ಹೋಗಿ 1951ರಲ್ಲಿ ಮರಳಿದಾಗ ಅಧಿಕಾರಿಗಳು ಇಳಿಯಗೊಡಲಿಲ್ಲ. ವಿಚಾರಣೆಯಿಲ್ಲದೆ ಈತನನ್ನು ಹೊರಗಿಡುವಂತಿಲ್ಲ ಎಂದಿತು ಕೋರ್ಟ್.

ಎರಡನೆಯದು ಇಗ್ನಾಟ್ಸ್ ಮೆಜೈ ಎಂಬಾತನದು. ಬಫಲೋ ನಗರದಲ್ಲಿ 25 ವರ್ಷ ಬಾಳಿದ್ದ ಆತ, ರುಮೇನಿಯದಲ್ಲಿ ಸಾವಿನಂಚಿನಲ್ಲಿದ್ದ ತಾಯಿಯನ್ನು ನೋಡಲು 1948ರಲ್ಲಿ ಹೊರಟ. ಮರುಪ್ರವೇಶದ ಕಾಗದ ಪಡೆದಿರಲಿಲ್ಲ. ರುಮೇನಿಯ ಆತನನ್ನು ಒಳಗೆ ಬಿಡಲಿಲ್ಲ. ಹಂಗೆರಿಯಲ್ಲಿ 19 ತಿಂಗಳು ಕಳೆಯಬೇಕಾಯಿತು. ಕೊನೆಗೆ ಬುಡಾಪೆಸ್ಟಿನ ಅಮೆರಿಕನ್ ಕಾನ್ಸಲ್ ಕೊಟ್ಟ ವೀಸಾ ಹಿಡಿದು 1950ರ ಫೆಬ್ರವರಿಯಲ್ಲಿ ನ್ಯೂಯಾರ್ಕಿಗೆ ಬಂದರೆ, ಭದ್ರತೆಯ ನೆಪದಲ್ಲಿ ಎಲ್ಲಿಸ್ ದ್ವೀಪದಲ್ಲಿ ಕೂಡಿಹಾಕಲಾಯಿತು. ಕಾರಣ ಏನೆಂದು ಹೇಳಲಿಲ್ಲ. ಬೇರೆ ಯಾವ ದೇಶವೂ ಸೇರಿಸಿಕೊಳ್ಳಲಿಲ್ಲ. ಅತ್ತ ದಡವಿಲ್ಲ, ಇತ್ತ ದಡವಿಲ್ಲ. ಐದು ನ್ಯಾಯಮೂರ್ತಿಗಳು ಸರ್ಕಾರದ ಪರ, ನಾಲ್ವರು ಆತನ ಪರ ನಿಂತರು, ಮೊಕದ್ದಮೆ ಬಿದ್ದುಹೋಯಿತು. ಆತ ಕೊನೆಗೆ ಹೊರಬಂದದ್ದು 1954ರ ಆಗಸ್ಟ್‌ನಲ್ಲಿ, ಸರ್ಕಾರದ ಕೃಪೆಯಿಂದ.

ಇಬ್ಬರೂ ಕಾನೂನುಬದ್ಧವಾಗಿ ನೆಲೆಸಿದ್ದವರು. ಒಬ್ಬ ಅಮೆರಿಕದ ಹಡಗಿನಲ್ಲೇ ಇದ್ದುದರಿಂದ ದೇಶದೊಡನೆ ನಂಟು ಕಡಿದಿಲ್ಲವೆಂದು ಕೋರ್ಟ್ ಬಗೆಯಿತು. ಇನ್ನೊಬ್ಬ ದೀರ್ಘಕಾಲ ಹೊರಗಿದ್ದ, ಹೊರಡುವ ಮುನ್ನ ಕಾಗದ ಮಾಡಿಸಿರಲಿಲ್ಲ. ಆದ್ದರಿಂದ ಆತ ಹೊಸದಾಗಿ ಬಂದವನಂತೆಯೇ ಎಂದು ಎಣಿಸಿತು.

ಹಸಿರು ಹೋಗಿ ಹಸಿರು ಬಂತು

ಇಂದಿನ ಕಾರ್ಡಿನ ನೇರ ಪೂರ್ವಜ ಹುಟ್ಟಿದ್ದು 1940ರ ನೋಂದಣಿ ಕಾಯ್ದೆಯಿಂದ. ಯುದ್ಧದ ಭಯದಲ್ಲಿ ಸರ್ಕಾರ ಎಲ್ಲ ವಿದೇಶೀಯರನ್ನೂ ಅಂಚೆ ಕಚೇರಿಗಳಲ್ಲಿ ನೋಂದಾಯಿಸಿ ರಸೀದಿ ಕಾರ್ಡು ಕೊಟ್ಟಿತು. ಯುದ್ಧಾನಂತರ ಕಾಯಂ ವಾಸಿಗಳಿಗೇ ಪ್ರತ್ಯೇಕವಾದ ಹಸಿರು ಕಾರ್ಡು ಬಂತು. ಖೋಟಾ ಕಾರ್ಡುಗಳ ಹಾವಳಿಯಿಂದಾಗಿ ಅದರ ರೂಪ ಮತ್ತೆ ಮತ್ತೆ ಬದಲಾಯಿತು. 1964ರಲ್ಲಿ ಬಣ್ಣ ತಿಳಿನೀಲಿಯಾಯಿತು. 1977ರಲ್ಲಿ ಯಂತ್ರ ಓದಬಲ್ಲ ‘ಐ-551’ ಎಂಬ ನಮೂನೆ ಬಂತು. ಬಣ್ಣ ಹೋದರೂ ಹೆಸರು ಹೋಗಲಿಲ್ಲ. 2010ರ ಮೇ ತಿಂಗಳಲ್ಲಿ ಕಾರ್ಡು ಮತ್ತೆ ಹಸಿರಾಯಿತು.

1946ರಲ್ಲಿ ಭಾರತೀಯರಿಗೆ ವರ್ಷಕ್ಕೆ 100 ಮಂದಿಯಷ್ಟು ಬಾಗಿಲು ತೆರೆದಿದ್ದ ಅಮೆರಿಕ, 1965ರ ಕಾಯ್ದೆಯ ಮೂಲಕ ಅದನ್ನು ಅಗಲಿಸಿತು. ಕರ್ನಾಟಕದ ವೈದ್ಯರು, ಎಂಜಿನಿಯರುಗಳು ದೊಡ್ಡ ಸಂಖ್ಯೆಯಲ್ಲಿ ಹೋದದ್ದು ಇದರ ನಂತರವೇ. ಕಂಪ್ಯೂಟರ್ ಯುಗದಲ್ಲಿ ಆ ಸಾಲು ಇನ್ನೂ ಬೆಳೆಯಿತು. ಒಂದು ದೇಶದವರಿಗೆ ವರ್ಷಕ್ಕೆ ಇಂತಿಷ್ಟೇ ಎಂಬ ಮಿತಿಯಿರುವುದರಿಂದ ಭಾರತದಲ್ಲಿ ಹುಟ್ಟಿದವರು ಉದ್ಯೋಗದ ಆಧಾರದ ಕಾಯಂ ವಾಸಕ್ಕೆ ವರ್ಷಗಟ್ಟಲೆ ಕಾಯಬೇಕಾಗಿದೆ. ಹಾಗೆ ಕಾದು ಪಡೆದ ಹಕ್ಕಿಗೆ ಕೊನೆಯ ಕೆಲವು ವಾರಗಳಲ್ಲಿ ಪುರಾವೆಯಿಲ್ಲದಿದ್ದರೆ ಹೇಗಾದೀತು?

ಮುದ್ರೆಯ ಮಹತ್ವ

ಈ ಕೊರತೆಯನ್ನು ತುಂಬುವುದು ಪಾಸ್‌ಪೋರ್ಟಿನ ಮೇಲೆ ಬೀಳುವ ಒಂದು ಮುದ್ರೆ. ಭಾರತದಲ್ಲೇ ವಲಸೆ ವೀಸಾ ಪಡೆದು ಹೋದವರಿಗೆ ಅಮೆರಿಕದ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಪ್ರವೇಶದ ಮುದ್ರೆ ಒತ್ತುತ್ತಾನೆ. ಅಂದಿನಿಂದ ಒಂದು ವರ್ಷದವರೆಗೆ ಆ ವೀಸಾ ಹಾಳೆಯೇ ಕಾರ್ಡಿಗೆ ಸಮಾನ. ಕಾರ್ಡು ಬಾರದಿದ್ದರೂ ಅದನ್ನು ತೋರಿಸಿ ಹೋಗಿ ಬರಬಹುದು.

ಅಮೆರಿಕದೊಳಗಿದ್ದೇ ಕಾಯಂ ವಾಸ ಪಡೆದವರ ಮಾತು ಬೇರೆ. ಅವರ ಕೈಯಲ್ಲಿರುವುದು ಮಂಜೂರಾತಿಯ ಪತ್ರ. ಹಕ್ಕು ಅಂದೇ ಹುಟ್ಟಿದ್ದರೂ ಆ ಪತ್ರ ವಿಮಾನ ಹತ್ತಲು ಸಾಲದು. ವಲಸೆ ಇಲಾಖೆಯಿಂದ ತಾತ್ಕಾಲಿಕ ಪುರಾವೆಯ ಮುದ್ರೆ ಹಾಕಿಸಿಕೊಂಡೇ ಹೊರಡುವುದು ಕ್ಷೇಮ. ಅರ್ಜಿ ಇನ್ನೂ ತೀರ್ಮಾನವಾಗದವರಿಗೆ ನಿಯಮ ಮತ್ತೂ ಬಿಗಿ. ಕೆಲವು ಬಗೆಯ ಉದ್ಯೋಗ ವೀಸಾ ಉಳ್ಳವರನ್ನು ಬಿಟ್ಟರೆ, ಮುಂಗಡ ಅನುಮತಿಯಿಲ್ಲದೆ ದೇಶ ಬಿಟ್ಟವರು ಅರ್ಜಿಯನ್ನೇ ಕೈಬಿಟ್ಟಂತೆ ಲೆಕ್ಕ.

ಕಾಗದ ಸರಿಯಿಲ್ಲದ ಪ್ರಯಾಣಿಕನನ್ನು ಕರೆತಂದ ವಿಮಾನ ಕಂಪೆನಿಗೆ ದಂಡ ಬೀಳುತ್ತದೆ. ಹೀಗಾಗಿ ಮೊದಲ ಪರಿಶೀಲನೆ ನಡೆಯುವುದು ಅಮೆರಿಕದ ಗಡಿಯಲ್ಲಲ್ಲ, ಬೆಂಗಳೂರಿನ ವಿಮಾನ ನಿಲ್ದಾಣದ ಕೌಂಟರಿನಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಮರಳಿ ಬರುವ ಕಾಯಂ ವಾಸಿಯನ್ನು ಸಾಮಾನ್ಯವಾಗಿ ಹೊಸಬನೆಂದು ಕಾಣಬಾರದು ಎಂಬ ನಿಯಮವನ್ನು 1996ರ ಕಾಯ್ದೆ ಬರೆದಿಟ್ಟಿತು. 180 ದಿನಕ್ಕಿಂತ ಹೆಚ್ಚು ಕಾಲ ನಿರಂತರವಾಗಿ ಹೊರಗಿದ್ದವರಿಗೆ ಹಾಗೂ ಇನ್ನು ಕೆಲವರಿಗೆ ಈ ರಕ್ಷಣೆಯಿಲ್ಲ. ಆದರೂ 2017ರ ಜನವರಿ 27ರಂದು ಏಳು ದೇಶಗಳವರ ಮೇಲೆ ಅಧ್ಯಕ್ಷ ಟ್ರಂಪ್ ಪ್ರವೇಶ ನಿರ್ಬಂಧ ಹೇರಿದಾಗ, ಗ್ರೀನ್ ಕಾರ್ಡ್ ಕೈಯಲ್ಲಿದ್ದವರನ್ನೂ ವಿಮಾನ ನಿಲ್ದಾಣಗಳಲ್ಲಿ ತಡೆಯಲಾಯಿತು. ಅವರಲ್ಲಿ ಕೆಲವರು ಆದೇಶ ಹೊರಟಾಗ ಆಕಾಶದಲ್ಲಿದ್ದರು. ಕೆಲವೇ ದಿನಗಳಲ್ಲಿ ಸರ್ಕಾರ ಅವರಿಗೆ ವಿನಾಯಿತಿ ಘೋಷಿಸಿತು. ‘ಬೆಲ್ಜಿಕ್’ ಹಡಗಿನ ಕಥೆ 129 ವರ್ಷಗಳ ನಂತರ ವಿಮಾನದಲ್ಲಿ ಮರುಕಳಿಸಿತ್ತು.

ಪಾಸ್‌ಪೋರ್ಟಿನ ಮೇಲಿನ ಆ ಮುದ್ರೆ ಚ್ಯೂ ಹಿಯಾಂಗ್ ಗೆದ್ದುಕೊಟ್ಟ ನ್ಯಾಯವನ್ನೇ ಹೇಳುತ್ತದೆ: ಇನ್ನೂ ಕೈಗೆ ಬಾರದ ಕಾಗದವನ್ನು ತೋರಿಸು ಎಂದು ಯಾರನ್ನೂ ಕೇಳಬಾರದು. ಆದರೆ ಚಾಯ್ ಚಾನ್ ಪಿಂಗ್ ಸೋತ ಮೊಕದ್ದಮೆಯ ತೀರ್ಪನ್ನು ಅಮೆರಿಕದ ಸುಪ್ರೀಂ ಕೋರ್ಟ್ ಇಂದಿಗೂ ರದ್ದುಪಡಿಸಿಲ್ಲ. ಕಾರ್ಡು ಬರುವ ಮುನ್ನ ಊರಿಗೆ ಹೊರಟವನು ಈ ಎರಡು ತೀರ್ಪುಗಳ ನಡುವಿನ ದಾರಿಯಲ್ಲೇ ಪ್ರಯಾಣ ಮಾಡುತ್ತಾನೆ.