ನೀರು-ನೈರ್ಮಲ್ಯಗಳ ಅಳತೆಗೋಲು

ಕೆರೆಯನ್ನು ಕಟ್ಟಿಸುವುದೂ ಬಾವಿಯನ್ನು ತೋಡಿಸುವುದೂ ನಮ್ಮ ನಾಡಿನಲ್ಲಿ ಪೂರ್ವದಿಂದಲೂ ಪುಣ್ಯಕಾರ್ಯವೆನಿಸಿವೆ. ಅವುಗಳಿಂದ ಜನರಿಗೆ ಉಂಟಾದ ಫಲವೆಷ್ಟೆಂದು ಅಳೆಯುವ ಪದ್ಧತಿಯಾದರೋ ಈಚಿನದು. ಆ ಅಳತೆಗೋಲು ಪುತ್ತೂರು, ಸುಳ್ಯ, ಕಡಬಗಳಿಗೆ ಎಷ್ಟರಮಟ್ಟಿಗೆ ಒಪ್ಪುವುದೆಂಬುದನ್ನು ಇಲ್ಲಿ ವಿಚಾರಿಸತಕ್ಕದ್ದಾಗಿದೆ.

ಗ್ರಾಮಗಳಿಗೆ ನೀರೊದಗಿಸುವ ತ್ವರಿತ ಯೋಜನೆಯನ್ನು ಭಾರತ ಸರಕಾರವು ೧೯೭೨ರಲ್ಲಿ ಆರಂಭಿಸಿತು. ತಲೆಗೆ ದಿನಕ್ಕೆ ೪೦ ಲೀಟರು, ೨೫೦ ಜನಕ್ಕೆ ಒಂದು ಕೈಪಂಪು, ಬಯಲುಸೀಮೆಯಲ್ಲಿ ೧.೬ ಕಿಲೋಮೀಟರಿನೊಳಗೆ ನೀರು ಎಂಬ ಪ್ರಮಾಣಗಳು ಮುಂದೆ ಅದರಲ್ಲಿ ನೆಲೆಗೊಂಡವು. ಮನೆಗಳು ಒತ್ತಾಗಿರುವ ಊರುಗಳಿಗೆ ಇದು ಹೊಂದುವುದು. ನಮ್ಮ ಸೀಮೆಯಲ್ಲಿ ಮನೆಗಳು ತೋಟ-ಗುಡ್ಡಗಳ ನಡುವೆ ಚದರಿಕೊಂಡಿವೆ. ಅಂಗಳದ ಬಳಿಯಲ್ಲಿಯೇ ಬಾವಿಯುಳ್ಳ ಮನೆಗಳು ಬಹಳ. ಆಟಿಯಲ್ಲಿ ತುಂಬಿ ನಿಂತ ಅದೇ ಬಾವಿಯು ಪಗ್ಗು ತಿಂಗಳಲ್ಲಿ ತಳ ಕಾಣಿಸುವುದುಂಟು. ದೂರವನ್ನು ಮಾತ್ರ ಅಳೆದವರಿಗೆ ಈ ಕೊರತೆಯು ಗೋಚರಿಸದು.

ಶೌಚಾಲಯಗಳ ವಿಷಯದಲ್ಲಿ ೧೯೮೬ರ ಕೇಂದ್ರ ಕಾರ್ಯಕ್ರಮದಿಂದ ೨೦೧೪ರ ಸ್ವಚ್ಛ ಭಾರತದ ವರೆಗೆ ಕಟ್ಟಿದವುಗಳ ಎಣಿಕೆಯೇ ಮುಖ್ಯವಾಗಿತ್ತು. ೨೦೧೯ರ ಅಕ್ಟೋಬರ್ ೨ರಂದು ಗ್ರಾಮೀಣ ಭಾರತವು ಬಯಲುಶೌಚದಿಂದ ಮುಕ್ತವಾಯಿತೆಂದು ಸಾರಲಾಯಿತು. ಆದರೆ ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಮನೆಗಳ ಪೈಕಿ ನೂರಕ್ಕೆ ೧೯ ಮನೆಗಳವರು ಯಾವ ಶೌಚಾಲಯವನ್ನೂ ಬಳಸುವವರಲ್ಲವೆಂದು ತಿಳಿದುಬಂದಿತು. ಕಟ್ಟಿದುದರ ಲೆಕ್ಕ ಒಂದು, ಬಳಕೆಯ ಲೆಕ್ಕ ಇನ್ನೊಂದು.

ಮೂರನೆಯ ಲೆಕ್ಕವೂ ಒಂದುಂಟು. ನಮ್ಮ ಮುರಕಲ್ಲಿನ ನೆಲವು ನೀರನ್ನು ಬೇಗನೆ ಇಂಗಿಸುತ್ತದೆ. ಮಳೆಗಾಲದಲ್ಲಿ ಅಂತರ್ಜಲವು ಮೇಲೇರಿದಾಗ ಗುಂಡಿಯ ಹೊಲಸು ಹತ್ತಿರದ ಬಾವಿಗೆ ಸೇರುವ ಭಯವುಂಟು. ಶೌಚಾಲಯವಿದ್ದು, ಮನೆಯವರೆಲ್ಲರೂ ಅದನ್ನು ಬಳಸಿಯೂ, ಕುಡಿಯುವ ನೀರು ಕೆಡಬಹುದು. ನೀರನ್ನು ಪರೀಕ್ಷಿಸದೆ ಇದನ್ನು ಅರಿಯುವ ಉಪಾಯವಿಲ್ಲ.

ಇವೆಲ್ಲಕ್ಕಿಂತ ಸೂಕ್ಷ್ಮವಾದ ತೊಡಕು ತಾಲೂಕುಗಳ ಮೇರೆಯದು. ಸುಳ್ಯವು ೧೯೬೦ರ ದಶಕದಲ್ಲಿ ಪುತ್ತೂರಿನಿಂದ ಬೇರ್ಪಟ್ಟಿತು. ೨೦೧೧ರ ಜನಗಣತಿಯಲ್ಲಿ ಕಡಬವೆಂಬ ತಾಲೂಕೇ ಇರಲಿಲ್ಲ. ಅದರ ಗ್ರಾಮಗಳು ಪುತ್ತೂರು, ಸುಳ್ಯಗಳಲ್ಲಿ ಸೇರಿದ್ದವು. ಆದುದರಿಂದ ಅಂದಿನ ಪುತ್ತೂರನ್ನು ಇಂದಿನ ಪುತ್ತೂರಿನೊಡನೆ ಹೋಲಿಸಿ ಏಳಿಗೆಯನ್ನೋ ಇಳಿತವನ್ನೋ ಹೇಳುವವನು ಎರಡು ಬೇರೆ ಭೂಭಾಗಗಳನ್ನು ತೂಗಿದಂತಾಗುವುದು. ಗ್ರಾಮವಾರು ಅಂಕಿಗಳನ್ನು ಇಂದಿನ ಮೇರೆಗಳಿಗನುಸಾರವಾಗಿ ಮರಳಿ ಕೂಡಿಸಿದರೆ ಮಾತ್ರ ಹೋಲಿಕೆಯು ಸಾಧುವಾದೀತು.

೨೦೧೯ರ ಜಲಜೀವನ ಯೋಜನೆಯು ಮನೆಮನೆಗೆ ನಲ್ಲಿ, ತಲೆಗೆ ೫೫ ಲೀಟರು ಎಂಬ ಗುರಿಯನ್ನಿಟ್ಟಿತು. ಗುರಿಯು ದೊಡ್ಡದು. ಅದರ ಫಲವನ್ನು ನಲ್ಲಿಗಳ ಸಂಖ್ಯೆಯಿಂದ ತಿಳಿಯಲಾಗದು. ಆಟಿಯಲ್ಲಿ ನೀರಿನ ಶುದ್ಧಿ, ಪಗ್ಗುವಿನಲ್ಲಿ ನೀರಿನ ಪ್ರಮಾಣ, ಈ ಎರಡನ್ನು ಪ್ರತಿವರ್ಷವೂ ಗ್ರಾಮಗ್ರಾಮದಲ್ಲಿ ಬರೆದಿಟ್ಟರೆ, ತಾಲೂಕುಗಳ ಮೇರೆಯು ಮತ್ತೆ ಬದಲಾದರೂ ಆ ಲೆಕ್ಕವು ಕೆಡದು.